1755ರ ಚ್ಯಾಟಮ್ ಹಡಗುಕಟ್ಟೆಯ ಪ್ರಿಂಟ್: ಅಸಲಿಯೋ ನಕಲಿಯೋ, ಇದನ್ನು ನೋಡೋದು ಹೇಗೆ?

ಮೆಡ್ವೇದಂಡೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕೆಂಟ್ ಕೌಂಟಿಯ ಜಿಲಿಂಗಮ್‌ನಲ್ಲಿ ನನ್ನ ವಾಸ. ಪಕ್ಕದಲ್ಲೇ ಚ್ಯಾಟಮ್. ಮೆಡ್ವೇ ನದಿ ದಂಡೆಯ ಹಳೇ ನೌಕಾ ಹಡಗುಕಟ್ಟೆ ಈಗ ಮ್ಯೂಸಿಯಂ ಆಗಿದೆ. ಇಲ್ಲಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅದರದ್ದೇ ದೊಡ್ಡ ಪ್ರಿಂಟ್ ಒಂದು ಕಣ್ಣಿಗೆ ಬಿತ್ತು. ಒಂದೇ ಹಾಳೆಯಲ್ಲಿ ನೆಲನಕ್ಷೆಯೂ ಇದೆ, ನದಿ ಕಡೆಯಿಂದ ನಿಂತು ನೋಡಿದ ನೋಟವೂ ಇದೆ. ಸುತ್ತ ಬಳ್ಳಿ ಸುರುಳಿಯ ಅಲಂಕಾರ. ಹೆಸರು ಉದ್ದ. ದೊರೆಯ ಹಡಗುಕಟ್ಟೆಯ 'ಜ್ಯಾಮಿತೀಯ ನಕ್ಷೆ ಮತ್ತು ಪಶ್ಚಿಮ ನೋಟ, ಪಕ್ಕದ ಬ್ರಾಂಪ್ಟನ್ ಹಳ್ಳಿ ಸಮೇತ' ಅಂತ ಬರೆದಿದೆ. ಇಸವಿ 1755. ಮಿಲ್ಟನ್, ಕ್ಲೀವ್ಲಿ, ಕಾನೋ ಅಂತ ಮೂರು ಹೆಸರು ಕಾಣುತ್ತವೆ. ನೀರಿಗೆ ನೀಲಿ, ಮಾಡಿಗೆ ಕೆಂಪು ಬಣ್ಣ ಹಚ್ಚಿದ್ದಾರೆ.

ಅಂಗಡಿಯವರು ಹೇಳುವ ಬೆಲೆ ಸಣ್ಣದಲ್ಲ. ಅಸಲಿ ಹೌದೋ ಅಲ್ಲವೋ ಅಂತ ಗುರುತಿಸೋದು ಹೇಗೆ? ಇದಕ್ಕಿಂತ ಜಾಸ್ತಿ ತಲೆ ಕೊರೆಯುತ್ತಿರುವುದು ಇನ್ನೊಂದು ಪ್ರಶ್ನೆ. 1756ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಘೋಷಣೆ ಆಯಿತು. ಅದಕ್ಕೆ ಒಂದು ವರ್ಷ ಮುಂಚೆ ನೌಕಾಪಡೆಯ ಕಾರ್ಖಾನೆಯ ನಕ್ಷೆಯನ್ನು ಅಚ್ಚು ಹಾಕಿ ಪೇಟೆಯಲ್ಲಿ ಮಾರಿದರಾ? ಇದು ಗುಟ್ಟಿನ ವಿಷಯ ಅಲ್ವಾ?

ಕಾರವಾರದ ಮೀನು

ನಮ್ಮೂರಿನ ಅರ್ಗಾ ಹತ್ತಿರ ಹೆದ್ದಾರಿಯಲ್ಲಿ ಬೈಕ್ ನಿಲ್ಲಿಸಿ ನೌಕಾನೆಲೆ ಕಡೆ ಮೊಬೈಲ್ ಎತ್ತಿ ನೋಡಿ. ಗುಟ್ಟು ಅಂದರೆ ಏನು ಅಂತ ಅವರೇ ಬಂದು ಹೇಳಿಕೊಡುತ್ತಾರೆ 😄

ತಾಮ್ರದ ತಗಡು

ನಾನು ಬೆಂಗಳೂರಿನಲ್ಲಿ ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಚಿತ್ರ ಒತ್ತುವ ಕೆಲಸ, ಮಾಡಿಕೊಂಡಿರುವವನು. ಅಸಲಿ ನಕಲಿ ಪ್ರಶ್ನೆಗೆ ಮೊದಲು ಬರುತ್ತೇನೆ.

ನೀವು ನೋಡಿದ್ದು ಗೊತ್ತಿರುವ ಸರಣಿಯದ್ದೇ. ಆಗ ಇಂಗ್ಲೆಂಡಿನಲ್ಲಿ ಆರು ರಾಜ ಹಡಗುಕಟ್ಟೆಗಳಿದ್ದವು. ಥೇಮ್ಸ್ ದಂಡೆಯಲ್ಲಿ ಡೆಟ್‌ಫರ್ಡ್, ವುಲಿಚ್. ಮೆಡ್ವೇ ಮೇಲೆ ಚ್ಯಾಟಮ್, ಅದರ ಬಾಯಲ್ಲಿ ಶೀರ್‌ನೆಸ್. ದಕ್ಷಿಣಕ್ಕೆ ಪೋರ್ಟ್ಸ್‌ಮತ್, ಪ್ಲಿಮತ್. 1753ರಿಂದ 1756ರ ಒಳಗೆ ಈ ಆರಕ್ಕೂ ಇದೇ ಬಗೆಯ ಹಾಳೆಗಳು ಬಂದವು. ನಕ್ಷೆ ಥಾಮಸ್ ಮಿಲ್ಟನ್‌ನದು. ಹಡಗುಗಳನ್ನು ಬರೆದವನು ಜಾನ್ ಕ್ಲೀವ್ಲಿ. ಇವನು ಕಲಾಶಾಲೆಯಿಂದ ಬಂದವನಲ್ಲ, ಡೆಟ್‌ಫರ್ಡ್ ಹಡಗುಕಟ್ಟೆಯಲ್ಲಿ ಮರಗೆಲಸ ಕಲಿತವನು. ಅದಕ್ಕೇ ಅವನ ಹಡಗಿನ ಒಡಲಿನ ತಿರುವು ಎಲ್ಲೂ ತಪ್ಪುವುದಿಲ್ಲ. ತಾಮ್ರದ ಮೇಲೆ ಕೊರೆದವನು ಪಿಯರ್ ಶಾರ್ಲ್ ಕಾನೋ. ಫ್ರಾನ್ಸಿನವನು, 1740ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ. ನೋಡಿ ತಮಾಷೆ, ಫ್ರೆಂಚರ ಮೇಲೆ ಯುದ್ಧಕ್ಕೆ ಹೋಗುವ ಹಡಗುಕಟ್ಟೆಯ ನಕ್ಷೆ ಕೊರೆದದ್ದು ಫ್ರೆಂಚನ ಕೈ.

ಈಗ ಪರೀಕ್ಷೆ. ಫ್ರೇಮಿನಿಂದ ಹೊರಗೆ ತೆಗೆಸಿ. ತೆಗೆಯೋದಿಲ್ಲ ಅಂದರೆ ಅಲ್ಲಿಗೇ ಬಿಟ್ಟು ಬನ್ನಿ.

ಮೊದಲು ಅಂಚು. ತಾಮ್ರದ ತಗಡಿಗೆ ಶಾಯಿ ತುಂಬಿ, ಮೇಲೆ ಒದ್ದೆ ಕಾಗದ ಹಾಸಿ, ರೋಲರ್ ನಡುವೆ ಒತ್ತಿ ಎಳೆಯುತ್ತಾರೆ. ಆ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಕೂರುತ್ತದೆ. ಮೊಬೈಲ್ ಟಾರ್ಚನ್ನು ಕಾಗದಕ್ಕೆ ಸಮವಾಗಿ ಪಕ್ಕದಿಂದ ಹಿಡಿಯಿರಿ, ಸುತ್ತ ಚೌಕದ ಗೆರೆ ನೆರಳಾಗಿ ಕಾಣಬೇಕು. ಅಂಚು ಕತ್ತರಿಸಿದ್ದರೆ ಕಾಣುವುದಿಲ್ಲ, ಅಷ್ಟಕ್ಕೇ ನಕಲಿ ಅನ್ನಬೇಡಿ.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಲೂಪ್ ಇಟ್ಟು ಗೆರೆ ನೋಡಿ. ಅಸಲಿಯಲ್ಲಿ ಶಾಯಿ ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಗೆರೆಯ ತುದಿ ಚೂಪಾಗಿ ಸಣ್ಣಗಾಗುತ್ತಾ ಹೋಗುತ್ತದೆ. ಗೆರೆಯ ಬದಲು ಸಾಲು ಸಾಲು ಚುಕ್ಕೆ ಕಂಡರೆ ಅದು ಈಗಿನ ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಕಾಪಿ, ಗೋಡೆಗೆ ಚಂದ ಅಷ್ಟೇ.

ಮೂರನೆಯದು ಕಾಗದ, ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಬೆಳಕಿಗೆ ಹಿಡಿದರೆ ಹತ್ತಿರ ಹತ್ತಿರ ಗೀರುಗಳು, ಅವನ್ನು ಅಡ್ಡ ಹಾಯುವ ದೂರ ದೂರದ ಗೀರುಗಳು ಕಾಣಬೇಕು. ಕಾಗದದ ಅಚ್ಚಿನಲ್ಲಿದ್ದ ತಂತಿಯ ಗುರುತು ಅದು. ಇದಕ್ಕೆ ಲೇಯ್ಡ್ ಪೇಪರ್ ಅನ್ನುತ್ತಾರೆ. ಗೀರಿಲ್ಲದ ನಯವಾದ ವೋವ್ ಪೇಪರ್ ಮೊದಲು ತಯಾರಾದದ್ದು 1750ರ ದಶಕದ ಎರಡನೇ ಅರ್ಧದಲ್ಲಿ. ಅದೂ ನಿಮ್ಮ ಪಕ್ಕದ ಮೇಡ್‌ಸ್ಟನ್‌ನಲ್ಲಿ, ಜೇಮ್ಸ್ ವಾಟ್‌ಮನ್‌ನ ಗಿರಣಿಯಲ್ಲಿ. ಅದು ಎಲ್ಲ ಕಡೆ ಬಳಕೆಗೆ ಬರುವಷ್ಟರಲ್ಲಿ ಆ ಶತಮಾನ ಮುಗಿಯುತ್ತಾ ಬಂದಿತ್ತು. ನಿಮ್ಮ ಹಾಳೆ ವೋವ್ ಆಗಿದ್ದರೆ, ತಗಡು ಹಳೇದೇ ಇರಬಹುದು, ಒತ್ತಿದ್ದು ಮಾತ್ರ ಎಷ್ಟೋ ವರ್ಷ ಆಮೇಲೆ.

ಕೆಳಗೆ 'ಪಾರ್ಲಿಮೆಂಟಿನ ಕಾಯ್ದೆ ಪ್ರಕಾರ ಪ್ರಕಟಿಸಿದ್ದು' ಅಂತ ಸಾಲಿದ್ದರೆ ಅದನ್ನೂ ಓದಿ. 1735ರ ಕಾಯ್ದೆ ಕೆತ್ತನೆಗಾರರಿಗೆ 14 ವರ್ಷದ ಹಕ್ಕು ಕೊಟ್ಟಿತು. ಆ ಹಕ್ಕು ಬೇಕಿದ್ದರೆ ತಗಡಿನ ಮೇಲೆ ಒಡೆಯನ ಹೆಸರು, ಪ್ರಕಟವಾದ ದಿನ ಹಾಕಲೇಬೇಕಿತ್ತು. ಇವತ್ತು ನಮಗೆ ಇಂಥ ಹಾಳೆಗಳ ಇಸವಿ ಸಲೀಸಾಗಿ ಸಿಗುವುದು ಅದರ ಪುಣ್ಯದಿಂದ.

ಬಣ್ಣದ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಇಂಥ ಹಾಳೆಗಳನ್ನು ಸಾಮಾನ್ಯವಾಗಿ ಬಣ್ಣದಲ್ಲಿ ಅಚ್ಚು ಹಾಕುತ್ತಿರಲಿಲ್ಲ, ಕಪ್ಪು ಶಾಯಿಯಲ್ಲಿ ಒತ್ತಿ ಆಮೇಲೆ ಕೈಯಲ್ಲಿ ಬಳಿಯುತ್ತಿದ್ದರು. ಹೋದ ಶತಮಾನದಲ್ಲಿ ಮಾರಾಟಕ್ಕೆ ಅಂತ ಬಳಿದದ್ದೂ ಬೇಕಾದಷ್ಟಿದೆ. ನೀಲಿ ತೀರಾ ಫ್ರೆಶ್ ಆಗಿದ್ದರೆ ನನಗೆ ಅನುಮಾನ. ನಾನಾದರೆ ಇಂಥ ಕೆತ್ತನೆಯನ್ನು ಕಪ್ಪು ಬಿಳುಪಿನಲ್ಲೇ ಕೊಳ್ಳುತ್ತೇನೆ. ಕಾನೋ ನೀರಿಗೆ ಹಾಕಿದ ಗೆರೆಯ ಮೇಲೆ ಯಾರೋ ನೀಲಿ ಸವರೋದು ನೋಡಿದರೆ ಕೈ ತುರಿಸುತ್ತದೆ.

ಲೆಕ್ಕದ ಮೇಷ್ಟ್ರು

ತಗಡಿನವರ ಪಾಠ ಚೆನ್ನಾಗಿತ್ತು. ಗುಟ್ಟಿನ ಪ್ರಶ್ನೆಗೆ ನನ್ನ ಉತ್ತರ ಒಂದೇ: ನಕ್ಷೆ ಬೇಕಂತಲೇ ತಪ್ಪಾಗಿ ಹಾಕಿರುತ್ತಾರೆ. ಯಾವ ಸರಕಾರವೂ ನಿಜವಾದ ಅಳತೆ ಮಾರುವುದಿಲ್ಲ.

ಕಡತಪ್ರೇಮಿ

ಮೇಷ್ಟ್ರೇ, ಸಾಕ್ಷಿ?

ಲೆಕ್ಕದ ಮೇಷ್ಟ್ರು

ಸಾಮಾನ್ಯ ಜ್ಞಾನ.

ಅಳಿವೆಬಾಗಿಲು

ಗುಟ್ಟಿನ ಜಗಳ ಆಮೇಲೆ ಆಡೋಣ. ಮೊದಲು ಆ ಹಾಳೆಯಲ್ಲಿ ಏನಿದೆ ಅಂತ ನೋಡೋಣ. ನಾನು ಗಂಗೊಳ್ಳಿಯವನು, ಹಡಗಿನಲ್ಲೇ ದುಡಿದು ನಿವೃತ್ತಿ ಆದವನು. ಮ್ಯೂಸಿಯಮ್ಮಿಗೂ ಹೋಗಿ ಬಂದಿದ್ದೇನೆ.

ಎಲ್ಲರೂ ನೋಟವನ್ನೇ ನೋಡುತ್ತಾರೆ. ಕಟ್ಟಡದ ಸಾಲು, ಹಡಗು, ಬಾವುಟ. ನೀವು ನೆಲನಕ್ಷೆ ನೋಡಿ. ನೋಟ ಬರೆದದ್ದು ಮೆಚ್ಚಿಸುವುದಕ್ಕೆ. ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದು ಇರುವುದು ನಕ್ಷೆಯಲ್ಲಿ.

ನದಿ ಅಂಚಿನಲ್ಲಿ ನೆಲದೊಳಕ್ಕೆ ನುಗ್ಗಿದ ಬಾಯಿಗಳು ಕಾಣುತ್ತವೆ ನೋಡಿ. ಅವು ಎರಡು ಬಗೆ. ಇಳಿಜಾರಾಗಿರೋದು ಸ್ಲಿಪ್. ಅದರ ಮೇಲೆ ಹಡಗು ಕಟ್ಟಿ ನೀರಿಗೆ ಜಾರಿಸುತ್ತಾರೆ. ಗೇಟು ಇರುವ ತೊಟ್ಟಿ ಡ್ರೈ ಡಾಕ್. ಉಬ್ಬರದಲ್ಲಿ ಹಡಗನ್ನು ಒಳಗೆ ತಂದು ನಿಲ್ಲಿಸುತ್ತಾರೆ. ಇಳಿತದಲ್ಲಿ ನೀರು ತಾನಾಗಿಯೇ ನದಿಗೆ ಇಳಿದುಹೋಗುತ್ತದೆ. ಆಗ ಗೇಟು ಮುಚ್ಚಿದರೆ ಹಡಗಿನ ತಳ ಒಣಗಿ ಕೈಗೆ ಸಿಗುತ್ತದೆ. ಉಳಿದ ನೀರಿಗೆ ಪಂಪು. ಮೆಡ್ವೇ ಬಾಯಿಯಲ್ಲಿ ದೊಡ್ಡ ಉಬ್ಬರದ ದಿನ ನೀರು 5 ಮೀಟರಿನಷ್ಟು ಏರಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ 2 ಮೀಟರೂ ಇಲ್ಲ. ಆ ನದಿಯಲ್ಲಿ ಅರ್ಧ ಕೆಲಸ ಚಂದ್ರನೇ ಮಾಡಿಕೊಡುತ್ತಿದ್ದ, ಸಂಬಳ ಇಲ್ಲದೆ.

ನಕ್ಷೆಯಲ್ಲಿ ಚೌಕಾಕಾರದ ಕೊಳಗಳಿದ್ದರೆ ಅವು ಕೂವೆಮರದ, ಅಂದರೆ ಹಾಯಿ ಕಟ್ಟುವ ಕಂಬದ ಹೊಂಡಗಳು. ಕೂವೆಮರವನ್ನು ಗಾಳಿಗೆ ಬಿಟ್ಟರೆ ಒಣಗಿ ಸೀಳುತ್ತದೆ. ಅದಕ್ಕೆ ನೀರಲ್ಲೇ ಮುಳುಗಿಸಿ ಇಡುತ್ತಿದ್ದರು. ಚ್ಯಾಟಮ್‌ನಲ್ಲಿ ಈ ಹೊಂಡಗಳು 1690ರ ದಶಕದ ಹೊತ್ತಿಗೇ ಬಂದವು.

ಇನ್ನು ಹಗ್ಗದ ಮನೆ. ಇದು ನನ್ನ ಪ್ರೀತಿಯ ಜಾಗ. ನಕ್ಷೆಯಲ್ಲಿ ತೆಳ್ಳಗೆ ಉದ್ದಕ್ಕೆ ಮಲಗಿರುವ ಕಟ್ಟಡ ಅದು. ಅಷ್ಟು ಉದ್ದ ಯಾಕೆ? ನಮ್ಮಲ್ಲಿ ಅಂಗಳದ ಆ ತುದಿಯಿಂದ ಈ ತುದಿಗೆ ತೆಂಗಿನ ನಾರು ಹೊಸೆಯುತ್ತಾರಲ್ಲ, ಹಾಗೇ ಇದು. ಅಂಗಳ ಎಷ್ಟು ಉದ್ದವೋ ಹಗ್ಗ ಅಷ್ಟೇ ಉದ್ದ. ಹೊಸೆಯುವಾಗ ಹುರಿ ಕುಗ್ಗುತ್ತದೆ ಬೇರೆ. ಲಂಗರಿನ ಹಗ್ಗ 200 ಮೀಟರ್ ಮೀರಿ ಬೇಕು, ಮಧ್ಯೆ ಗಂಟು ಹಾಕುವ ಹಾಗಿಲ್ಲ. ಹಾಗಾಗಿ ಮನೆ ಅದಕ್ಕಿಂತ ಎಷ್ಟೋ ಉದ್ದ ಇರಲೇಬೇಕು. ಹಗ್ಗದ ಹೆಂಪ್ ನಾರು ಉತ್ತರ ಯೂರೋಪಿನ ಬಾಲ್ಟಿಕ್ ಕಡೆಯಿಂದ ಬರುತ್ತಿತ್ತು, ಟಾರೂ ಅಲ್ಲಿಂದಲೇ.

ಒಂದು ಸಣ್ಣ ವಿಷಯ ಹೇಳದಿದ್ದರೆ ಸಮಾಧಾನ ಇಲ್ಲ. ನೌಕಾಪಡೆಯ ಹಗ್ಗದ ಹುರಿಯೊಳಗೆ ಒಂದು ಬೇರೆ ನೂಲು ಸೇರಿಸಿ ಹೊಸೆಯುತ್ತಿದ್ದರು. ಕಳ್ಳನೂಲು ಅಂತಲೇ ಅದರ ಹೆಸರು. ಆಮೇಲಾಮೇಲೆ ಒಂದೊಂದು ಹಗ್ಗದ ಮನೆಗೆ ಒಂದೊಂದು ಬಣ್ಣ ಬಂತು. ಕದ್ದ ಹಗ್ಗವನ್ನು ಎಷ್ಟು ತುಂಡು ಮಾಡಿದರೂ ಒಳಗಿನ ನೂಲು ಬಾಯಿ ಬಿಡುತ್ತದೆ.

ಮೆಡ್ವೇದಂಡೆ

ಅಬ್ಬಾ, ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಅಳಿವೆಬಾಗಿಲು ಅವರೇ, ಒಂದು ಅನುಮಾನ. ಮ್ಯೂಸಿಯಮ್ಮಿನಲ್ಲಿ ನೋಡಿದ ಹಗ್ಗದ ಮನೆ ಇಟ್ಟಿಗೆಯದು, ಭಾರೀ ಉದ್ದ. ಪ್ರಿಂಟಿನಲ್ಲಿ ಹಾಗೆ ಕಾಣಲಿಲ್ಲ. ಪ್ರಿಂಟ್ ಕಾಲ್ಪನಿಕವಾ?

ಅಳಿವೆಬಾಗಿಲು

ಅಲ್ಲ. ನೀವು ನೋಡಿದ ಕಟ್ಟಡ ಕಟ್ಟಿದ್ದು 1786ರಿಂದ 1791ರ ಒಳಗೆ. 346 ಮೀಟರ್ ಉದ್ದ. ಪ್ರಿಂಟ್ ಬಂದಾಗ ಅದು ಇರಲೇ ಇಲ್ಲ, ಅದಕ್ಕಿಂತ ಹಳೆಯ ಹಗ್ಗದ ಮನೆಗಳಿದ್ದವು. ನದಿ ಅಂಚಿನ ದೊಡ್ಡ ದೊಡ್ಡ ಉಗ್ರಾಣಗಳೂ ಅಷ್ಟೇ, 1755ರ ನಂತರದವು.

ಅಂದಿಗೂ ಇಂದಿಗೂ ಇರುವುದು ಬೇಕಿದ್ದರೆ ಹಡಗುಕಟ್ಟೆಯ ಮುಖ್ಯಸ್ಥ ಕಮಿಷನರ್‌ನ ಮನೆ ಹುಡುಕಿ, 1704ರದು. ಆಮೇಲೆ 1720ರ ಆಸುಪಾಸಿನ ಹೆಬ್ಬಾಗಿಲು, 1723ರ ಹಾಯಿ ಹೊಲಿಯುವ ಮಾಳಿಗೆ, ಅಧಿಕಾರಿಗಳ 12 ಮನೆಗಳ ಸಾಲು. ಕೂವೆಮರದ ಮನೆ ಆಗತಾನೆ ಎದ್ದಿತ್ತು, 1753ರ ಆಸುಪಾಸು. ಅದರ ಮೇಲಿನ ಮಾಳಿಗೆಯ ನೆಲದ ಮೇಲೆ ಹಡಗಿನ ಪಕ್ಕೆಲುಬುಗಳನ್ನು ನಿಜವಾದ ಅಳತೆಯಲ್ಲೇ ಗೀಚಿ ಅಚ್ಚು ತೆಗೆಯುತ್ತಿದ್ದರು. ವಿಕ್ಟರಿ ಹಡಗಿನ ಗೆರೆ ಎಳೆದದ್ದು ಅಲ್ಲೇ.

ಲೀಡ್ಸ್ ಲಲಿತೆ

ವಿಕ್ಟರಿ ಅಂದರೆ ನೆಲ್ಸನ್‌ನ ವಿಕ್ಟರಿಯಾ? ಅದು ಪೋರ್ಟ್ಸ್‌ಮತ್‌ನಲ್ಲಿ ಇದೆಯಲ್ಲ.

ಅಳಿವೆಬಾಗಿಲು

ಈಗ ಇರುವುದು ಅಲ್ಲಿ. ಹುಟ್ಟಿದ್ದು ಚ್ಯಾಟಮ್‌ನಲ್ಲಿ. 1759ರ ಜುಲೈ 23ಕ್ಕೆ ತಳದ ಮರ ಇಟ್ಟರು, 1765ರ ಮೇ 7ಕ್ಕೆ ನೀರಿಗೆ ಬಿಟ್ಟರು. ಸುಮಾರು 6,000 ಮರ ತಿಂದ ಹಡಗು, ಬಹುಪಾಲು ಓಕ್. ಕಟ್ಟಿದ್ದು ಸ್ಲಿಪ್ ಮೇಲೆ ಅಲ್ಲ, ಡಾಕ್ ಒಳಗೆ. ಹೊರಗೆ ತೇಲಿಸುವ ಹಿಂದಿನ ದಿನ ಅಳತೆ ಹಿಡಿದು ನೋಡಿದರೆ ಗೇಟಿನ ಬಾಯಿ ಹಡಗಿಗಿಂತ ಒಂಬತ್ತೂವರೆ ಇಂಚು ಕಿರಿದು ಅಂತ ಒಂದು ಕಥೆ ಇದೆ. ಕೈಗೆ ಸಿಕ್ಕ ಬಡಗಿಗಳೆಲ್ಲ ಬಾಚಿ ಹಿಡಿದು ಗೇಟನ್ನು ಕೆತ್ತಿದರಂತೆ.

ಲೆಕ್ಕದ ಮೇಷ್ಟ್ರು

ನೋಡಿ, ಅಳತೆಯೇ ತಪ್ಪು ಅಂತ ನಾನು ಹೇಳಿದ್ದೇ ಆಯಿತಲ್ಲ 😀

ಕಡತಪ್ರೇಮಿ

ಮೇಷ್ಟ್ರೇ, ಇನ್ನು ಗುಟ್ಟಿನ ಜಗಳಕ್ಕೆ ಬರೋಣ.

ನಿಮ್ಮ ವಾದದ ತೊಂದರೆ ಇದು. ನದಿ ದಂಡೆಯಲ್ಲಿರುವ, ಸಾವಿರಕ್ಕೂ ಹೆಚ್ಚು ಜನ ದಿನಾ ಒಳಗೆ ಹೊರಗೆ ಓಡಾಡುವ ಜಾಗವನ್ನು ಬಚ್ಚಿಡುವುದು ಹೇಗೆ? ಎದುರು ದಡದಲ್ಲಿ ನಿಂತವನಿಗೆ ಎಲ್ಲ ಕಾಣುತ್ತಿತ್ತು. ಶತ್ರುವಿಗೆ ಹಗ್ಗದ ಮನೆ ಎಲ್ಲಿದೆ ಅನ್ನುವ ಮಾಹಿತಿಯಿಂದ ಆಗಬೇಕಾದ್ದು ಕಡಿಮೆ. ಅವನಿಗೆ ಬೇಕಾದದ್ದು ನದಿಯೊಳಗಿನ ದಾರಿ, ಎಲ್ಲಿ ಆಳ, ಎಲ್ಲಿ ಕೆಸರು ದಿಬ್ಬ, ಎಲ್ಲಿ ತಿರುವು ಅನ್ನೋದು. ಮೆಡ್ವೇ ಹಾವಿನಂತೆ ಸುತ್ತಿ ಬರುವ ನದಿ. ದೊಡ್ಡ ಹಡಗಿಗೆ ಗಾಳಿ ಕೂಡಿ ಬರದಿದ್ದರೆ ಚ್ಯಾಟಮ್‌ನಿಂದ ಸಮುದ್ರ ಸೇರಲು ವಾರಗಟ್ಟಲೆ ಹಿಡಿಯುತ್ತಿತ್ತು. ನೀರಿನ ಆಳ ಸಾಲದೆ, ನದಿಯ ಬಾಯಿ ಕಡೆ ಇಳಿದ ಮೇಲೇ ಹಡಗಿಗೆ ಫಿರಂಗಿಗಳನ್ನು ಏರಿಸಬೇಕಿತ್ತು.

ಆ ದಾರಿಯನ್ನು ಡಚ್ಚರು ಆಗಲೇ ಒಮ್ಮೆ ಕಂಡುಕೊಂಡಿದ್ದರು. 1667ರ ಜೂನ್‌ನಲ್ಲಿ ಮೆಡ್ವೇಗೆ ನುಗ್ಗಿ, ಜಿಲಿಂಗಮ್ ಹತ್ತಿರ ನದಿಗೆ ಅಡ್ಡ ಹಾಕಿದ್ದ ಸರಪಳಿ ದಾಟಿ, ಲಂಗರು ಹಾಕಿದ್ದ ಹಡಗುಗಳಿಗೆ ಬೆಂಕಿ ಇಟ್ಟರು. ರಾಯಲ್ ಚಾರ್ಲ್ಸ್ ಅನ್ನುವ ರಾಜನ ಹೆಸರಿನ ಹಡಗನ್ನೇ ಎಳೆದುಕೊಂಡು ಹೋದರು. ಅದರ ಹಿಂಬದಿಯ ಕೆತ್ತನೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಇದೆ. ಎದುರು ದಡದಲ್ಲಿ ಎಲಿಜಬೆತ್ ರಾಣಿ ಕಟ್ಟಿಸಿದ್ದ ಅಪ್ನರ್ ಕೋಟೆಯಿಂದ ಗುಂಡು ಹಾರಿಸಿದರು, ಆದರೂ ಅಷ್ಟು ಹೊತ್ತಿಗೆ ಮಾನ ಹೋಗಿತ್ತು. ಯಾವ ಪ್ರಿಂಟೂ ಕೊಳ್ಳದೆ ಡಚ್ಚರು ಇದನ್ನು ಮಾಡಿದರು.

1755ರ ಹೊತ್ತಿಗೆ ಸರಕಾರಕ್ಕೆ ಹೆದರಿಕೆ ಇರಲಿಲ್ಲ ಅಂತಲ್ಲ. ನೆಲದ ಕಡೆಯಿಂದ ಶತ್ರು ಬಂದರೆ ಅಂತ, ಪ್ರಿಂಟಿನಲ್ಲಿ ಹೆಸರಿರುವ ಅದೇ ಬ್ರಾಂಪ್ಟನ್ ಹಳ್ಳಿಯನ್ನು ಒಳಗೆ ಸೇರಿಸಿ ಸುತ್ತ ಕಂದಕ, ಮಣ್ಣಿನ ಗೋಡೆ ತೋಡಿಸಲು 1756ರಲ್ಲಿ ಶುರು ಮಾಡಿದರು. ಹೆದರಿದ್ದು ಸೈನ್ಯಕ್ಕೆ, ಚಿತ್ರಕ್ಕಲ್ಲ.

ಇಂಥ ಹಾಳೆ ಕೊಳ್ಳುವವರು ಯಾರು? ನೌಕಾ ಅಧಿಕಾರಿ, ಹಡಗಿನ ವ್ಯಾಪಾರಿ, ತೆರಿಗೆ ಕಟ್ಟುವ ಜಮೀನ್ದಾರ. ನಿಮ್ಮ ದುಡ್ಡು ಎಲ್ಲಿ ಹೋಗುತ್ತಿದೆ ನೋಡಿ, ಎಷ್ಟು ಅಚ್ಚುಕಟ್ಟು ನೋಡಿ ಅಂತ ಹೇಳುವ ಚಿತ್ರ ಇದು. ಬಚ್ಚಿಡೋದಕ್ಕಿಂತ ತೋರಿಸಿದರೆ ಲಾಭ ಜಾಸ್ತಿ. ಆಮೇಲೆ 1770ರ ದಶಕದಲ್ಲಿ ಆರೂ ಹಡಗುಕಟ್ಟೆಗಳ ಮಾದರಿಗಳನ್ನು ಮರದಲ್ಲಿ ಮಾಡಿಸಿ ಮೂರನೇ ಜಾರ್ಜ್‌ಗೆ ಒಪ್ಪಿಸಿದರು. ಅದೂ ಇದೇ ಮನಸ್ಸು.

ಲೆಕ್ಕದ ಮೇಷ್ಟ್ರು

ಒಳಗೆ ಬೆಂಕಿ ಇಡುವವನಿಗೆ? ಅವನಿಗೆ ನಕ್ಷೆ ಬೇಡವಾ?

ಕಡತಪ್ರೇಮಿ

ಅಂಥವನೂ ಇದ್ದ. ಜೇಮ್ಸ್ ಏಟ್ಕನ್, 'ಬಣ್ಣದ ಜಾನ್' ಅಂತ ಅಡ್ಡಹೆಸರು. ಅಮೆರಿಕದ ದಂಗೆಯ ಪರ ಇದ್ದವನು. 1776ರ ಡಿಸೆಂಬರಿನಲ್ಲಿ ಪೋರ್ಟ್ಸ್‌ಮತ್ ಹಗ್ಗದ ಮನೆಗೆ ಬೆಂಕಿ ಇಟ್ಟ. ಒಳಗೆ ಹೋದದ್ದು ಸುಮ್ನೆ ನಡೆದುಕೊಂಡು, ಹಗಲಲ್ಲಿ. ಮರು ವರ್ಷ ಮಾರ್ಚಿನಲ್ಲಿ ಅದೇ ಹಡಗುಕಟ್ಟೆಯ ಬಾಗಿಲಲ್ಲಿ, ಹಡಗಿನ ಕೂವೆಮರ ನೆಟ್ಟು ಅದಕ್ಕೇ ನೇಣು ಹಾಕಿದರು.

ಸೊರಬದ ಸೌದೆ

ಇಷ್ಟೊತ್ತು ಹಡಗು, ರಾಜ, ಅಧಿಕಾರಿ ಆಯಿತು. ಕೆಲಸ ಮಾಡಿದವರು ಎಲ್ಲಿ? ಪ್ರಿಂಟಿನಲ್ಲಿ ಮನುಷ್ಯರು ಇರುವೆ ಗಾತ್ರ ಇರುತ್ತಾರೆ ಅಂತ ಕಾಣುತ್ತದೆ.

ಓದಿದ್ದು ಹೇಳುತ್ತೇನೆ. ಹಡಗು ಬಡಗಿಗೆ ದಿನಕ್ಕೆ 2 ಶಿಲ್ಲಿಂಗ್ 1 ಪೆನ್ನಿ. ಈ ದರ 1690ರ ಸುಮಾರಿನಿಂದ ಹತ್ತಿರ ಹತ್ತಿರ ನೂರು ವರ್ಷ ಏರಲೇ ಇಲ್ಲ. ಅದೂ ಕೈಗೆ ಬರುವಾಗ ತಿಂಗಳುಗಟ್ಟಲೆ ಬಾಕಿ. ಬದಲಿಗೆ ಒಂದು ಹಕ್ಕು ಇತ್ತು. ಕೆಲಸದಲ್ಲಿ ಉಳಿದ ಮರದ ಚೂರುಗಳನ್ನು ಮನೆಗೆ ಒಯ್ಯಬಹುದು. ಸೌದೆಗೆ, ಮಾರಾಟಕ್ಕೆ, ಬಾಗಿಲು ಮೆಟ್ಟಿಲು ಮಾಡಿಕೊಳ್ಳಲಿಕ್ಕೆ. ಚೂರು ಅಂದರೆ ಎಷ್ಟು ದೊಡ್ಡದು? ಜಗಳ ಶುರುವಾದದ್ದೇ ಅಲ್ಲಿ. ಒಳ್ಳೇ ಮರವನ್ನೇ ಚೂರಿನ ಅಳತೆಗೆ ಕೊಯ್ಯುತ್ತಿದ್ದಾರೆ ಅಂತ ಮೇಲಿನವರ ದೂರು. ಈ ಪ್ರಿಂಟ್ ಬಂದ ದಶಕದಲ್ಲೇ ಹೊಸ ನಿಯಮ ಬಂತು: ಕಟ್ಟು ಕಟ್ಟುವ ಹಾಗಿಲ್ಲ, ಹೆಗಲ ಮೇಲೆ ಹೊರುವ ಹಾಗಿಲ್ಲ, ಒಂದು ಕಂಕುಳಲ್ಲಿ ಹಿಡಿಯುವಷ್ಟು ಮಾತ್ರ. ಚ್ಯಾಟಮ್‌ನಲ್ಲಿ ಬಡಗಿಗಳು ಹೆಗಲಿನಿಂದ ಇಳಿಸಲ್ಲ ಅಂತ ಗೇಟಿನಲ್ಲೇ ನಿಂತರು. ಕೊನೆಗೆ 1801ರಲ್ಲಿ ಈ ಹಕ್ಕು ತೆಗೆದು ಅದರ ಬದಲು ದುಡ್ಡು ಕೊಟ್ಟರು.

ಆ ಅಚ್ಚುಕಟ್ಟಾದ ನಕ್ಷೆಯಲ್ಲಿ ಹೆಬ್ಬಾಗಿಲು ಒಂದು ಚಿಕ್ಕ ಗುರುತು. ನನಗೆ ಇಡೀ ಹಾಳೆಯಲ್ಲಿ ನೋಡಬೇಕು ಅನಿಸೋದು ಅದನ್ನೇ.

ಅಳಿವೆಬಾಗಿಲು

ಸೌದೆಯವರೇ, ಒಳ್ಳೇ ಮಾತು. ಮರದ ಚೂರು ಅಂದಿರಿ, ಚ್ಯಾಟಮ್‌ನಲ್ಲಿ ನನಗೆ ಮೈ ಜುಂ ಅನಿಸಿದ್ದು ಮರದ್ದೇ ವಿಷಯ. 1995ರಲ್ಲಿ ಅಲ್ಲಿನ ಚಕ್ರ ಮಾಡುವವರ ಹಳೇ ಕಾರ್ಖಾನೆಯ ನೆಲದ ಹಲಗೆ ಎತ್ತಿದರು. ಕೆಳಗೆ ಒಂದು ದೊಡ್ಡ ಯುದ್ಧನೌಕೆಯ ಮರಗಳು ಸಾಲಾಗಿ ಜೋಡಿಸಿಟ್ಟದ್ದು ಸಿಕ್ಕಿತು. ಬಡಗಿಗಳ ಗುರುತು, ಮೊಳೆ ತೂತು ಎಲ್ಲ ಹಾಗೇ. ಯಾವ ಹಡಗು ಅಂತ ಪತ್ತೆ ಆಗಲು 2012 ಬರಬೇಕಾಯಿತು. 90 ಫಿರಂಗಿಯ ನಾಮೂರ್.

ಈಗ ಇಸವಿ ನೋಡಿ. ನಾಮೂರ್ ನೀರಿಗಿಳಿದದ್ದು 1756ರ ಮಾರ್ಚಿನಲ್ಲಿ, ಚ್ಯಾಟಮ್‌ನಲ್ಲೇ. ಅಂದರೆ ನಿಮ್ಮ ಪ್ರಿಂಟ್ 1755ರಲ್ಲಿ ಅಂಗಡಿಗೆ ಬರುವಾಗ ಆ ಹಡಗು ಅದೇ ದಂಡೆಯಲ್ಲಿ ಅರ್ಧ ಕಟ್ಟಿ ನಿಂತಿತ್ತು. 1758ರಲ್ಲಿ ಕೆನಡಾದ ಲೂಯಿಬೂರ್ಗ್, 1759ರಲ್ಲಿ ಲಾಗೋಸ್ ಕದನ, 1797ರಲ್ಲಿ ಸೇಂಟ್ ವಿನ್ಸೆಂಟ್ ಭೂಶಿರ, ಎಲ್ಲ ಕಡೆ ಇತ್ತು. ಗುಲಾಮನಾಗಿ ಮಾರಾಟವಾಗಿದ್ದ ಒಲೌಡಾ ಎಕ್ವಿಯಾನೋ ಹುಡುಗನಾಗಿದ್ದಾಗ ಇದರ ಮೇಲೆ ಇದ್ದ. ಆಮೇಲೆ ತನ್ನ ಜೀವನ ತಾನೇ ಬರೆದ. ಕಾದಂಬರಿಕಾರ್ತಿ ಜೇನ್ ಆಸ್ಟಿನ್‌ಳ ತಮ್ಮ ಚಾರ್ಲ್ಸ್ ಇದರ ಕಪ್ತಾನ ಆಗಿದ್ದ. 1833ರಲ್ಲಿ ಚ್ಯಾಟಮ್‌ನಲ್ಲೇ ಒಡೆದರು. ಮರ ಚೆನ್ನಾಗಿತ್ತು, ನೆಲದಡಿಗೆ ಹಾಕಿಕೊಂಡರು.

ಮೆಡ್ವೇದಂಡೆ

ಹಾಗಾದರೆ ಪ್ರಿಂಟಿನಲ್ಲಿ ದಂಡೆ ಮೇಲೆ ಕಾಣುವ ಹಡಗು ನಾಮೂರ್ ಇರಬಹುದಾ?

ತಾಮ್ರದ ತಗಡು

ಆ ಆಸೆಗೆ ಬೀಳಬೇಡಿ. ಕ್ಲೀವ್ಲಿಯಂಥವರು ಹಡಗುಕಟ್ಟೆಯ ಚಿತ್ರ ಅಂದಮೇಲೆ ಹಡಗು ಇರಲೇಬೇಕು ಅಂತ ಹಾಕುತ್ತಾರೆ. ಚಿತ್ರದ ತೂಕಕ್ಕೆ ಎಲ್ಲಿ ಬೇಕೋ ಅಲ್ಲಿ ಒಂದು. ಒಡಲಿನ ರೂಪ ನಿಜ, ಆ ದಿನ ಆ ಜಾಗದಲ್ಲಿ ಅದೇ ಹಡಗು ಇತ್ತು ಅಂತಲ್ಲ. ಅಂಗಡಿಯವರು ಇದನ್ನು ಓದಿದರೆ ನಾಳೆಯೇ 'ನಾಮೂರ್ ಇರುವ ಅಪರೂಪದ ಪ್ರಿಂಟ್' ಅಂತ ಚೀಟಿ ಅಂಟಿಸುತ್ತಾರೆ.

ಶರಾವತಿ ಸೀಮೆ

ಹೊನ್ನಾವರದಿಂದ. ಓದುತ್ತಾ ಓದುತ್ತಾ ಹೊಟ್ಟೆ ಉರಿಯಿತು. ನಮ್ಮ ನದಿದಂಡೆಯ ಹಡಗುಕಟ್ಟೆಗಳದ್ದು ಇಂಥ ಒಂದು ಹಾಳೆ ಇದ್ದಿದ್ದರೆ! ಹೈದರಾಲಿ ಮಂಗಳೂರಿನಲ್ಲಿ ನೌಕಾಪಡೆ ಕಟ್ಟಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಅಲ್ಲೇ ಸುಟ್ಟು ಹಾಕಿದ. 1796ರಲ್ಲಿ ಟಿಪ್ಪು ಮತ್ತೆ ದೊಡ್ಡದಾಗಿ ಆಜ್ಞೆ ಹೊರಡಿಸಿದ. 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ (ಅದಕ್ಕಿಂತ ಚಿಕ್ಕ, ವೇಗದ ಯುದ್ಧನೌಕೆ), ಒಟ್ಟು 40. ಮಂಗಳೂರು ಹತ್ತಿರ ಒಂದು, ನಮ್ಮೂರ ಸಮುದ್ರದಲ್ಲಿ ಕಾಣುವ ಬಸವರಾಜದುರ್ಗದ ಬಳಿ ಒಂದು, ಸದಾಶಿವಗಡದ ಹತ್ತಿರ ಒಂದು ಕಟ್ಟೆ ಅಂತ ಯೋಜನೆ. 1799ಕ್ಕೆ ಎಲ್ಲ ಮುಗಿಯಿತು.

ಆಮೇಲೆ ನಮ್ಮ ಸಾಗುವಾನಿ ಅವರ ಪಾಲಾಯಿತು. ದಾಂಡೇಲಿ ಕಡೆಯ ಮರ ಕಾಳಿ ನದಿಯಲ್ಲಿ ತೇಲಿಕೊಂಡು ಕಾರವಾರದ ಕೋಡಿಬಾಗಕ್ಕೆ ಬರುತ್ತಿತ್ತು. ಬಾಂಬೆ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ಪಶ್ಚಿಮ ಕರಾವಳಿಯ ಸಾಗುವಾನಿಯಲ್ಲೇ ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟುತ್ತಿದ್ದರು.

ಕಡತಪ್ರೇಮಿ

ಶರಾವತಿ ಸೀಮೆಯವರೇ, ಹೊಟ್ಟೆ ಉರಿ ಇನ್ನೂ ಜಾಸ್ತಿ ಮಾಡುತ್ತೇನೆ. 1819ರಲ್ಲಿ ಅದೇ ಬಾಂಬೆಯಲ್ಲಿ ಕಟ್ಟಿದ ಒಂದು ಸಾಗುವಾನಿ ಫ್ರಿಗೇಟಿಗೆ ಇಟ್ಟ ಹೆಸರು 'ಸೆರಿಂಗಪಟಂ'. ನಮ್ಮ ಶ್ರೀರಂಗಪಟ್ಟಣ. ಗೆದ್ದ ಊರಿನ ಹೆಸರನ್ನು ಹಡಗಿಗೆ ಇಡುವುದು ಅವರ ಅಭ್ಯಾಸ. ಹಡಗು ಒಡೆದು ಹೋಯಿತು, ಮೂತಿಯ ಗೊಂಬೆ ಮಾತ್ರ ಲಂಡನ್ನಿನ ಗ್ರೀನಿಚ್ ನೌಕಾ ಮ್ಯೂಸಿಯಮ್ಮಿನಲ್ಲಿ ಉಳಿದಿದೆ. ಪೇಟ ಕಟ್ಟಿದ ಒಬ್ಬ ಗಂಡಸು, ಕೈಯಲ್ಲಿ ಛತ್ರಿ, ದೊಡ್ಡ ಹಕ್ಕಿಯ ಮೇಲೆ ಕೂತಿದ್ದಾನೆ. ಟಿಪ್ಪುವಿನ ಸಿಂಹಾಸನದ ಮೇಲಿದ್ದ ಹುಮಾ ಅನ್ನುವ ಪುರಾಣದ ಹಕ್ಕಿ ಗೊತ್ತಿರುವವರಿಗೆ ಈ ಹಕ್ಕಿ ಎಲ್ಲಿಂದ ಬಂತು ಅನ್ನುವ ಯೋಚನೆ ಬಂದೇ ಬರುತ್ತದೆ.

ಲೀಡ್ಸ್ ಲಲಿತೆ

ಗ್ರೀನಿಚ್‌ನಲ್ಲಿ ಅದರ ಎದುರೇ ನಿಂತು ಸೆಲ್ಫಿ ತೆಗೆದುಕೊಂಡಿದ್ದೆ. ಯಾರೋ ಅರೇಬಿಯನ್ ನೈಟ್ಸ್ ಪಾತ್ರ ಅಂದುಕೊಂಡು!

ಮೆಡ್ವೇದಂಡೆ

ಅಪ್‌ಡೇಟ್. ಅಂಗಡಿಗೆ ಮತ್ತೆ ಹೋಗಿದ್ದೆ. ಮೊದಲು ಗೊಣಗಿದರು, ಆಮೇಲೆ ಫ್ರೇಮ್ ಬಿಚ್ಚಿದರು. ಟಾರ್ಚ್ ಹಿಡಿದರೆ ಮೂರು ಕಡೆ ತಗಡಿನ ಗುರುತು ಕಾಣುತ್ತದೆ, ನಾಲ್ಕನೇ ಕಡೆ ಅಂಚು ಕತ್ತರಿಸಿದ್ದಾರೆ. ಬೆಳಕಿಗೆ ಹಿಡಿದರೆ ಗೀರುಗಳು ಸ್ಪಷ್ಟ. ಲೂಪಿನಲ್ಲಿ ಚುಕ್ಕೆ ಇಲ್ಲ. ನಡುವೆ ಒಂದು ಮಡಿಕೆ, ಹಿಂದುಗಡೆ ಯಾವುದೋ ಕಾಲದಲ್ಲಿ ಪಟ್ಟಿ ಅಂಟಿಸಿ ರಿಪೇರಿ ಮಾಡಿದ್ದಾರೆ. ಎತ್ತರ ಅರ್ಧ ಮೀಟರಿನ ಹತ್ತಿರ, ಅಗಲ ಅದಕ್ಕಿಂತ ಒಂದು ಗೇಣು ಜಾಸ್ತಿ. ನೀಲಿ ಬಣ್ಣ ಮಡಿಕೆಯ ಬಿರುಕಿನೊಳಗೂ ಇಳಿದಿದೆ.

ತಾಮ್ರದ ತಗಡು

ಬಿರುಕಿನೊಳಗೆ ಇಳಿದಿದೆ ಅಂದರೆ ಹಾಳೆ ಮಡಿಚಿ ಹಳೇದಾದ ಮೇಲೆ ಬಳಿದ ಬಣ್ಣ. ಯಾವುದೋ ಪುಸ್ತಕದಿಂದಲೋ ಅಟ್ಲಾಸಿನಿಂದಲೋ ಬಿಡಿಸಿದ ಹಾಳೆ ಇರಬಹುದು. ಪ್ರಿಂಟ್ ಹಳೇದು, ಬಣ್ಣ ಹೊಸದು. ಚೌಕಾಸಿಗೆ ಇಷ್ಟು ಸಾಕು: ಬಣ್ಣ ಆಮೇಲಿನದು, ಒಂದು ಅಂಚು ಇಲ್ಲ, ಮಡಿಕೆ ರಿಪೇರಿ ಆಗಿದೆ. ಮೂರನ್ನೂ ಮೆಲ್ಲಗೆ ಹೇಳಿ. ಕೊಂಡರೆ ಆಸಿಡ್ ಇಲ್ಲದ ಮೌಂಟ್ ಹಾಕಿಸಿ, ಗಾಜು ಕಾಗದಕ್ಕೆ ತಾಗಬಾರದು. ಬಿಸಿಲು ಬೀಳುವ ಗೋಡೆ ಬೇಡ, ಒಗ್ಗರಣೆ ಹೊಗೆ ಬರುವ ಗೋಡೆ ಅಂತೂ ಬೇಡವೇ ಬೇಡ. ಲ್ಯಾಮಿನೇಟ್ ಮಾಡಿಸಿದರೆ ನಾನು ನಿಮ್ಮನ್ನು ಬ್ಲಾಕ್ ಮಾಡುತ್ತೇನೆ.

ಸೊರಬದ ಸೌದೆ

ಮನೆಗೆ ಬಂದ ಮೇಲೆ ಹೆಬ್ಬಾಗಿಲಿನ ಭಾಗ ಕ್ಲೋಸಪ್ ಫೋಟೋ ಹಾಕಿ. ಇರುವೆಗಳನ್ನೂ.

ಲೆಕ್ಕದ ಮೇಷ್ಟ್ರು

ಜೊತೆಗೆ ನಕ್ಷೆಯ ಸ್ಕೇಲ್ ಪಟ್ಟಿಯದ್ದೂ. ಕಮಿಷನರ್ ಮನೆ ಇನ್ನೂ ನಿಂತಿದೆ ಅಂದಿರಲ್ಲ, ಅದರಿಂದ ಹೆಬ್ಬಾಗಿಲಿಗೆ ಎಷ್ಟು ದೂರ ಅಂತ ಒಮ್ಮೆ ನಡೆದು ಅಳೆದು ಹೇಳಿ. ನಕ್ಷೆಗೆ ಹೋಲಿಸಿ ನೋಡುತ್ತೇನೆ. ಅಲ್ಲಿಯವರೆಗೆ ನಾನು ಒಪ್ಪಿಲ್ಲ.